ಬೆಳ್ಳಿತೆರೆಯಲ್ಲಿ ಕೋಟೆಯ ಮುತ್ತಿಗೆ

ಮುತ್ತಿಗೆಯೆಂಬುದು ಯುದ್ಧದ ಒಂದು ವಿಧವೇ ಆದರೂ ಬಯಲಿನ ಕಾಳಗಕ್ಕೂ ಅದಕ್ಕೂ ಬಹಳ ಅಂತರವುಂಟು. ಬಯಲಿನಲ್ಲಿ ಎರಡು ಸೈನ್ಯಗಳು ಎದುರುಬದುರಾಗಿ ನಿಂತು ಕಾದುತ್ತವೆ. ಒಂದೆರಡು ದಿನಗಳಲ್ಲಿ ಸೋಲು ಗೆಲುವುಗಳು ಇತ್ಯರ್ಥವಾಗುತ್ತವೆ. ಅಲ್ಲಿ ಇರುವವರು ಸೈನಿಕರು ಮಾತ್ರ. ಮುತ್ತಿಗೆಯಾದರೋ ಹಾಗಲ್ಲ. ಕೋಟೆಯ ಬಾಗಿಲು ಮುಚ್ಚಿದೊಡನೆ ಒಳಗಿರುವ ಮುದುಕರು, ಬಸುರಿ ಬಾಣಂತಿಯರು, ಹಸುಗೂಸುಗಳು, ಕೊಟ್ಟಿಗೆಯ ದನಕರುಗಳು ಎಲ್ಲರೂ ಆ ಯುದ್ಧಕ್ಕೆ ಸೇರಿಹೋಗುತ್ತಾರೆ. ಕಣಜದಲ್ಲಿ ಎಷ್ಟು ಧಾನ್ಯವಿದೆ, ಬಾವಿಯಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕವು ಎಷ್ಟು ಕತ್ತಿಗಳಿವೆ ಎಂಬ ಲೆಕ್ಕದಷ್ಟೇ ಮುಖ್ಯವಾಗುತ್ತದೆ. ಹೊರಗಿನವನು ಕಾಯುತ್ತಾನೆ, ಒಳಗಿನವನೂ ಕಾಯುತ್ತಾನೆ. ಈ ಕಾಯುವಿಕೆಯೇ ಮುತ್ತಿಗೆಯ ಜೀವಾಳ.

ಚಲಚ್ಚಿತ್ರಗಳನ್ನು ನೋಡುವ ಅಭ್ಯಾಸವುಳ್ಳ ನನಗೆ ಮೊದಲಿನಿಂದಲೂ ಇಂಥ ಮುತ್ತಿಗೆಯ ದೃಶ್ಯಗಳೆಂದರೆ ವಿಶೇಷ ಪ್ರೀತಿ. ಕೆಲವನ್ನು ಮನೆಯ ದೂರದರ್ಶನದಲ್ಲಿ, ಕೆಲವನ್ನು ಗೆಳತಿಯ ಮೊಬೈಲಿನ ಅಂಗೈಯಗಲದ ತೆರೆಯ ಮೇಲೆ, ಒಂದನ್ನು ನಮ್ಮ ಕಾಲೇಜಿನ ಸಭಾಂಗಣದಲ್ಲಿ ಇತಿಹಾಸದ ಅಧ್ಯಾಪಕರ ಕೃಪೆಯಿಂದ ನೋಡಿದ್ದೇನೆ. ಇವುಗಳಲ್ಲಿ ಯಾವುವು ಮನಸ್ಸಿನಲ್ಲಿ ನಿಂತವು, ಯಾವುವು ನೋಡಿದ ಮರುದಿನವೇ ಮರೆತುಹೋದುವು, ಅದಕ್ಕೆ ಕಾರಣವೇನು ಎಂಬುದನ್ನು ಯೋಚಿಸಿದಾಗ ನನಗೆ ಹೊಳೆದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು, ಚಲಚ್ಚಿತ್ರಕ್ಕೂ ಮುತ್ತಿಗೆಗೂ ಇಷ್ಟು ಚೆನ್ನಾಗಿ ಹೊಂದಿಕೆಯಾಗುವುದೇಕೆ ಎಂಬುದನ್ನು ನೋಡೋಣ. ಎರಡು ದೊಡ್ಡ ಸೈನ್ಯಗಳು ಬಯಲಿನಲ್ಲಿ ಕಾದುವಾಗ ಪ್ರೇಕ್ಷಕನಿಗೆ ಯಾರು ಯಾರ ಕಡೆಯವರೆಂಬುದೇ ತಿಳಿಯದೆ, ಧೂಳು ಮತ್ತು ಗದ್ದಲ ಮಾತ್ರ ಉಳಿಯುತ್ತವೆ. ಮುತ್ತಿಗೆಯಲ್ಲಿ ಈ ತೊಂದರೆಯಿಲ್ಲ. ನಡುವೆ ಒಂದು ಗೋಡೆಯಿದೆ; ಗೋಡೆಯ ಒಳಗಿನವರು ನಮ್ಮವರು, ಹೊರಗಿನವರು ಶತ್ರುಗಳು. ಸ್ಥಳವು ಚಿಕ್ಕದು, ಆದುದರಿಂದ ಮುಖಗಳು ಪರಿಚಯವಾಗುತ್ತವೆ. ವೇಳೆಯು ಕಡಮೆ, ಆದುದರಿಂದ ಪ್ರತಿಯೊಂದು ಗಳಿಗೆಗೂ ಬೆಲೆಯುಂಟು. ಒಳಗಿನವರ ಸಂಖ್ಯೆಯೂ ಕಡಮೆ. ಆದುದರಿಂದ ಒಬ್ಬನು ಸತ್ತರೂ ಪ್ರೇಕ್ಷಕನ ಎದೆ ಝಲ್ಲೆನ್ನುತ್ತದೆ. ನಾಟಕಕ್ಕೆ ಬೇಕಾದ ಸ್ಥಳ, ಕಾಲ, ಪಾತ್ರಗಳೆಂಬ ಮೂರನ್ನೂ ಮುತ್ತಿಗೆಯು ತಾನಾಗಿಯೇ ಕಟ್ಟಿಕೊಡುತ್ತದೆ.

ಆದರೆ ಇಷ್ಟಿದ್ದ ಮಾತ್ರಕ್ಕೆ ದೃಶ್ಯವು ಒಳ್ಳೆಯದಾಗಲಾರದು. ನನ್ನ ಮಟ್ಟಿಗೆ, ಮುತ್ತಿಗೆಯ ದೃಶ್ಯವೊಂದನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ಗೋಡೆ ಎಲ್ಲಿದೆ? ಗೋಡೆಯಲ್ಲಿ ಕಿಂಡಿ ಎಲ್ಲಿದೆ? ಗೋಡೆಯ ಹೊರಗೆ ಉಳಿದವರು ಯಾರು? ಮೊದಲನೆಯ ಪ್ರಶ್ನೆಗೆ ಸಾಮಾನ್ಯ ನಿರ್ದೇಶಕನೂ ಉತ್ತರ ಕೊಡಬಲ್ಲನು. ಹಣವಿದ್ದರೆ ಗೋಡೆ ಕಟ್ಟಿಸಬಹುದು. ಎರಡನೆಯದಕ್ಕೆ ಉತ್ತರ ಕೊಡುವವನು ಕುಶಲಿ. ಮೂರನೆಯ ಪ್ರಶ್ನೆಯನ್ನು ಕೇಳಿಕೊಳ್ಳುವವರೇ ಅಪರೂಪ. ಈ ಮೂರನೆಯದನ್ನು ಕೇಳಿಕೊಂಡ ಚಿತ್ರವು ಮಾತ್ರ ಮನಸ್ಸಿನಲ್ಲಿ ಬಹುಕಾಲ ನಿಲ್ಲುತ್ತದೆಂಬುದು ನನ್ನ ನಮ್ರ ಅಭಿಪ್ರಾಯ.

ಕಿಂಡಿಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಚಿತ್ರದುರ್ಗ. ಹೈದರಾಲಿಯು ಆ ಏಳು ಸುತ್ತಿನ ಕೋಟೆಯನ್ನು ಹಲವು ಸಲ ಮುತ್ತಿ, ಕೊನೆಗೆ 1779ರಲ್ಲಿ ವಶಪಡಿಸಿಕೊಂಡನು. ಅಂಥ ಒಂದು ಮುತ್ತಿಗೆಯ ಕಾಲದಲ್ಲಿ ಬಂಡೆಗಳ ನಡುವಣ ಸಣ್ಣ ಕಿಂಡಿಯಿಂದ ಶತ್ರುಗಳು ಒಬ್ಬೊಬ್ಬರಾಗಿ ನುಸುಳತೊಡಗಿದರೆಂದೂ, ಕಾವಲುಗಾರನ ಹೆಂಡತಿಯಾದ ಓಬವ್ವನು ಗಂಡನು ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋಗಿ ಆ ಸದ್ದನ್ನು ಕೇಳಿ, ಒನಕೆಯನ್ನು ಹಿಡಿದು ನಿಂತು, ಹೊರಬಂದ ತಲೆಗಳನ್ನು ಒಂದೊಂದಾಗಿ ಬಡಿದಳೆಂದೂ ಐತಿಹ್ಯವಿದೆ. ಈ ಕಥೆಯನ್ನು ತೆರೆಯ ಮೇಲೆ ಅಮರಗೊಳಿಸಿದವರು ಪುಟ್ಟಣ್ಣ ಕಣಗಾಲರು. ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಅವರು ತೆಗೆದ ‘ನಾಗರಹಾವು’ ಚಿತ್ರದಲ್ಲಿ ಈ ಪ್ರಸಂಗವು ಒಂದು ಹಾಡಿನ ಮೂಲಕ ಬರುತ್ತದೆ. ಓಬವ್ವನಾಗಿ ಅಭಿನಯಿಸಿದವರು ಜಯಂತಿಯವರು. ಇಡೀ ಚಿತ್ರದಲ್ಲಿ ಅವರಿಗಿರುವುದು ಆ ಕೆಲವೇ ನಿಮಿಷಗಳು. ಆದರೂ ಓಬವ್ವನೆಂದರೆ ಇಂದಿಗೂ ನಮ್ಮವರ ಕಣ್ಣಮುಂದೆ ನಿಲ್ಲುವುದು ಅವರ ರೂಪವೇ.

ಈ ದೃಶ್ಯದ ಬಲವು ಎಲ್ಲಿದೆ? ಇದರಲ್ಲಿ ಸಾವಿರಾರು ಸೈನಿಕರಿಲ್ಲ, ಕುದುರೆಗಳ ಸಾಲಿಲ್ಲ. ಇರುವುದು ಒಂದು ಕಿಂಡಿ, ಒಬ್ಬ ಹೆಂಗಸು, ಒಂದು ಒನಕೆ. ಆ ಒನಕೆಯ ವಿಷಯವನ್ನು ಸ್ವಲ್ಪ ಯೋಚಿಸಬೇಕು. ಈಗ ಊರೂರಿಗೂ ಗಿರಣಿ ಬಂದಿರುವುದರಿಂದ ನನ್ನ ಓರಗೆಯವರಲ್ಲಿ ಅನೇಕರು ಒನಕೆಯನ್ನು ಹಿಡಿದೇ ಇಲ್ಲ. ನಮ್ಮ ಅಜ್ಜಿ ಹಿಡಿದವರು. ಆಳೆತ್ತರದ ಗಟ್ಟಿಮರದ ಕೊರಡು, ತುದಿಗೆ ಕಬ್ಬಿಣದ ಬಳೆ. ಅದನ್ನು ತಲೆಯ ಮಟ್ಟಕ್ಕೆ ಎತ್ತಿ, ಒರಳಿನ ಮಧ್ಯಕ್ಕೆ ಸರಿಯಾಗಿ ಬೀಳುವಂತೆ ಬಿಡಬೇಕು. ಒಂದಿಷ್ಟು ಆಚೀಚೆಯಾದರೆ ಧಾನ್ಯ ಚೆಲ್ಲುತ್ತದೆ. ಎತ್ತುವುದಕ್ಕೆ ಮಾತ್ರ ಶಕ್ತಿ ಬೇಕು, ಬೀಳುವುದು ಅದರ ಭಾರದಿಂದಲೇ ಎಂದು ಅಜ್ಜಿ ಹೇಳುತ್ತಿದ್ದರು. ದಿನವೂ ಹೀಗೆ ನೂರಾರು ಸಲ ಎತ್ತಿ ಇಳಿಸಿದ ತೋಳುಗಳಿಗೆ ಗುರಿಯನ್ನಾಗಲಿ ಲಯವನ್ನಾಗಲಿ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಶತ್ರುವು ಕೋಟೆಯ ಗೋಡೆಯ ಎತ್ತರವನ್ನು ಅಳೆದನು, ಫಿರಂಗಿಗಳನ್ನು ಎಣಿಸಿದನು. ಆದರೆ ಅಡುಗೆಮನೆಯ ಮೂಲೆಯಲ್ಲಿದ್ದ ಒನಕೆಯನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಿಂಡಿಯಿಂದ ಒಂದು ಸಲಕ್ಕೆ ಒಂದೇ ತಲೆ ಬರಬಹುದು ಎಂಬುದರಿಂದ ದೊಡ್ಡ ಸೈನ್ಯವೂ ಅಲ್ಲಿ ಒಬ್ಬನೇ ಆಗಿಹೋಗುತ್ತದೆ. ಮುತ್ತಿಗೆಯ ಗಣಿತವು ಇದೇ: ಸ್ಥಳವು ಕಿರಿದಾದಷ್ಟೂ ಸಂಖ್ಯೆಗೆ ಬೆಲೆ ಕಡಮೆ.

ಇನ್ನು ಮುಂದೆ ಹೇಳಬೇಕೆಂದಿರುವ ಚಿತ್ರವು ಜಪಾನಿನದು. ಅಕಿರಾ ಕುರೋಸಾವ ಎಂಬ ನಿರ್ದೇಶಕನು 1954ರಲ್ಲಿ ತೆಗೆದ ‘ಸೆವೆನ್ ಸಮುರಾಯ್’. ಮೂರು ಗಂಟೆ ಇಪ್ಪತ್ತೇಳು ನಿಮಿಷಗಳ ಈ ಕಪ್ಪುಬಿಳುಪಿನ ಚಿತ್ರವನ್ನು ನಮ್ಮ ಅಧ್ಯಾಪಕರು ಎರಡು ಶನಿವಾರಗಳಲ್ಲಿ ತೋರಿಸಿದರು. ಮಾತುಗಳು ಜಪಾನಿ ಭಾಷೆಯವು. ಕೆಳಗೆ ಇಂಗ್ಲಿಷ್ ಬರೆಹ. ಒಂದು ಸಾಲನ್ನು ನಾವು ಓದಿ ಮುಗಿಸುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತಿತ್ತು. ಹಾಗಿದ್ದರೂ ಅರ್ಥವಾಗದೆ ಉಳಿದುದು ಬಹಳ ಕಡಮೆ. ಏಕೆಂದರೆ ಕಥೆಯು ರೈತರದು. ಹದಿನಾರನೆಯ ಶತಮಾನದ ಕೊನೆಯ ಭಾಗ, ಎಲ್ಲೆಲ್ಲಿಯೂ ಅರಾಜಕತೆ. ನಲವತ್ತು ಮಂದಿ ದರೋಡೆಕಾರರು ಒಂದು ಹಳ್ಳಿಯ ಮೇಲೆ ಕಣ್ಣಿಟ್ಟು, ಬೆಳೆ ಕಟಾವಾದ ಮೇಲೆ ಬರಲು ನಿಶ್ಚಯಿಸುತ್ತಾರೆ. ಹಳ್ಳಿಗರು ಅಳುತ್ತಾರೆ, ಜಗಳವಾಡುತ್ತಾರೆ, ಕೊನೆಗೆ ಗಿರಣಿಯಲ್ಲಿ ವಾಸವಾಗಿರುವ ಊರ ಹಿರಿಯನ ಸಲಹೆಯಂತೆ ಸಮುರಾಯ್‌ಗಳನ್ನು, ಎಂದರೆ ಕತ್ತಿವಿದ್ಯೆಯನ್ನೇ ವೃತ್ತಿಯಾಗಿ ಉಳ್ಳವರನ್ನು, ಕರೆತರಲು ಹೊರಡುತ್ತಾರೆ. ಕೊಡಲು ಹಣವಿಲ್ಲ. ಬಂದವರಿಗೆ ಅಕ್ಕಿಯನ್ನು ಉಣಬಡಿಸಿ ತಾವು ಕೀಳು ಧಾನ್ಯವನ್ನು ತಿನ್ನುತ್ತಾರೆ. ಆ ಅನ್ನದ ಬಟ್ಟಲಿನ ಬೆಲೆಯನ್ನು ಅರಿತು ಒಪ್ಪಿಕೊಳ್ಳುವವನು ಕಾಂಬೇಯಿ ಎಂಬ ಹಿರಿಯ ಸಮುರಾಯ್. ಅವನನ್ನು ಹಿಂಬಾಲಿಸಿ ಇನ್ನೂ ಆರು ಮಂದಿ ಬರುತ್ತಾರೆ.

ಈ ಹಳ್ಳಿಗೆ ಕೋಟೆಯಿಲ್ಲ. ಕಾಂಬೇಯಿಯು ಕೈಯಲ್ಲಿ ನಕ್ಷೆ ಹಿಡಿದು ಊರನ್ನು ಸುತ್ತಿ ಬರುತ್ತಾನೆ. ನಾವೂ ಅವನೊಡನೆ ಸುತ್ತುತ್ತೇವೆ. ಒಂದು ಕಡೆ ಗಟ್ಟಿಯಾದ ಬೇಲಿ ಕಟ್ಟಬೇಕು. ಇನ್ನೊಂದು ಕಡೆ ಕಟಾವಾದ ಹೊಲಗಳಿಗೆ ನೀರು ಬಿಟ್ಟು ಕೆಸರು ಮಾಡಿದರೆ ಕುದುರೆಗಳು ಬರಲಾರವು. ಮತ್ತೊಂದು ಕಡೆ ಹಳ್ಳದ ಸೇತುವೆಯನ್ನು ಕಿತ್ತುಹಾಕಬೇಕು. ಉಳಿದುದು ಕಾಡಿನ ಕಡೆಯ ದಾರಿ. ಅದನ್ನು ಮಾತ್ರ ಅವನು ಬೇಕೆಂದೇ ತೆರೆದಿಡುತ್ತಾನೆ. ಒಳ್ಳೆಯ ಕೋಟೆಗೆ ಒಂದು ಕಿಂಡಿ ಇರಲೇಬೇಕು, ಶತ್ರುವು ಅಲ್ಲಿಗೇ ಬರುವಂತೆ ಮಾಡಬೇಕು ಎಂಬುದು ಅವನ ಯುಕ್ತಿ. ಯುದ್ಧ ಪ್ರಾರಂಭವಾದಾಗ ಆ ದಾರಿಯಿಂದ ಒಬ್ಬಿಬ್ಬರು ಸವಾರರನ್ನು ಒಳಗೆ ಬಿಟ್ಟು, ಕೂಡಲೇ ರೈತರು ಬಿದಿರಿನ ಭರ್ಜಿಗಳನ್ನು ಚಾಚಿ ಬಾಯಿ ಕಟ್ಟುತ್ತಾರೆ. ಒಳಗೆ ಸಿಕ್ಕಿದವನು ಉಳಿಯುವುದಿಲ್ಲ. ಕಾಂಬೇಯಿಯು ಹಾಳೆಯ ಮೇಲೆ ನಲವತ್ತು ಸೊನ್ನೆಗಳನ್ನು ಬರೆದಿಟ್ಟುಕೊಂಡು, ಸತ್ತವರ ಲೆಕ್ಕಕ್ಕೆ ಒಂದೊಂದನ್ನೇ ಹೊಡೆದುಹಾಕುತ್ತಾನೆ. ಇದರಿಂದ ಪ್ರೇಕ್ಷಕನಿಗೆ ಯಾವ ಗಳಿಗೆಯಲ್ಲಿಯೂ ಎಲ್ಲಿ ಏನಾಗುತ್ತಿದೆ, ಇನ್ನೆಷ್ಟು ಮಂದಿ ಉಳಿದಿದ್ದಾರೆ ಎಂಬುದು ಸ್ಪಷ್ಟ. ನಕ್ಷೆಯನ್ನು ಮೊದಲೇ ತೋರಿಸಿರುವುದರಿಂದಲೇ ಕೊನೆಯ ದಿನದ ಮಳೆ, ಕೆಸರುಗಳ ನಡುವಿನ ಆ ಘೋರ ಕಾಳಗದಲ್ಲಿಯೂ ನಾವು ದಾರಿ ತಪ್ಪುವುದಿಲ್ಲ. ಆ ಕಾಳಗವನ್ನು ಕುರೋಸಾವನು ಏಕಕಾಲದಲ್ಲಿ ಹಲವು ಕ್ಯಾಮೆರಾಗಳಿಂದ ಚಿತ್ರಿಸಿದನು.

ಇಷ್ಟೇ ಆಗಿದ್ದರೆ ಇದೊಂದು ಜಾಣತನದ ಚಿತ್ರವೆನ್ನಬಹುದಾಗಿತ್ತು. ಆದರೆ ಇಲ್ಲಿ ಮೂರನೆಯ ಪ್ರಶ್ನೆಯೂ ಬರುತ್ತದೆ. ಸೇತುವೆಯನ್ನು ಕಿತ್ತಮೇಲೆ ಹಳ್ಳದ ಆಚೆ ಇರುವ ಮೂರು ಮನೆಗಳೂ ಹಿರಿಯನ ಗಿರಣಿಯೂ ಹೊರಗೆ ಉಳಿಯುತ್ತವೆ. ಅವುಗಳನ್ನು ಕಾಪಾಡಲು ಸಾಧ್ಯವಿಲ್ಲ. ಆ ಮನೆಗಳವರು ಖಾಲಿ ಮಾಡಿ ಈಚೆಗೆ ಬರಬೇಕು. ಇದನ್ನು ಕೇಳಿದ ಆ ಮನೆಗಳ ರೈತರು ಸಾಲಿನಿಂದ ಹೊರಬಂದು, ಭರ್ಜಿಗಳನ್ನು ಬಿಸುಟು, ನಮ್ಮ ಮನೆಗಳನ್ನು ನಾವೇ ಕಾಯುತ್ತೇವೆಂದು ಹೊರಡುತ್ತಾರೆ. ಅದುವರೆಗೆ ಶಾಂತನಾಗಿದ್ದ ಕಾಂಬೇಯಿಯು ಕತ್ತಿಯನ್ನು ಹಿರಿದು ಅವರನ್ನು ಅಟ್ಟಿಕೊಂಡು ಬಂದು ಸಾಲಿಗೆ ಸೇರಿಸುತ್ತಾನೆ. ಮೂರು ಮನೆಗಳಿಗಾಗಿ ಇಪ್ಪತ್ತು ಮನೆಗಳನ್ನು ಕಳೆದುಕೊಳ್ಳಲಾಗದು ಎಂಬುದು ಅವನ ವಾದ. ವಾದವು ಸರಿಯಾದುದೇ, ತರ್ಕಶಾಸ್ತ್ರದಲ್ಲಿ ಅದಕ್ಕೆ ಖಂಡನೆಯಿಲ್ಲ. ಆದರೆ ಚಿತ್ರವು ಅಲ್ಲಿಗೆ ನಿಲ್ಲದೆ, ಆ ಲೆಕ್ಕದ ಬೆಲೆಯನ್ನು ನಮಗೆ ತೋರಿಸುತ್ತದೆ. ದರೋಡೆಕಾರರು ಬಂದು ಮೂರು ಮನೆಗಳಿಗೂ ಗಿರಣಿಗೂ ಬೆಂಕಿಯಿಡುತ್ತಾರೆ. ಬರಲೊಲ್ಲದೆ ಗಿರಣಿಯಲ್ಲಿಯೇ ಉಳಿದ ಹಿರಿಯನೂ, ಅವನನ್ನು ಕರೆತರಲು ಹೋದ ಮಗನೂ ಸೊಸೆಯೂ ಸಾಯುತ್ತಾರೆ. ಊರನ್ನು ಉಳಿಸುವ ಉಪಾಯವನ್ನು ಹೇಳಿಕೊಟ್ಟವನೇ ಊರಿನ ಹೊರಗೆ ಸತ್ತನು!

ಉಳಿಯುವುದು ಒಂದು ಹಸುಗೂಸು ಮಾತ್ರ. ಅದನ್ನು ಸಾಯುತ್ತಿರುವ ತಾಯಿಯ ಕೈಯಿಂದ ತೆಗೆದುಕೊಳ್ಳುವವನು ಕಿಕುಚಿಯೊ. ಈತನು ಸಮುರಾಯ್ ವೇಷದಲ್ಲಿದ್ದರೂ ಹುಟ್ಟಿನಿಂದ ರೈತನ ಮಗ. ತೋಶಿರೊ ಮಿಫುನೆ ಎಂಬ ನಟನು ಈ ಪಾತ್ರವನ್ನು ಅದ್ಭುತವಾಗಿ ಅಭಿನಯಿಸಿದ್ದಾನೆ. ಉರಿಯುವ ಗಿರಣಿಯ ಮುಂದೆ, ಹಳ್ಳದ ನೀರಿನ ನಡುವೆ ನಿಂತು, ಕೂಸನ್ನು ಅಪ್ಪಿಕೊಂಡು, ಈ ಮಗುವೇ ನಾನು, ನನಗೂ ಹೀಗೆಯೇ ಆಗಿತ್ತು ಎಂದು ಅವನು ಗೋಳಾಡುತ್ತಾನೆ. ಅದುವರೆಗೆ ಎಲ್ಲರನ್ನೂ ನಗಿಸುತ್ತಿದ್ದವನು ಯಾರೆಂಬುದು ಆಗ ನಮಗೆ ತಿಳಿಯುತ್ತದೆ. ಸಭಾಂಗಣದಲ್ಲಿ ಅದುವರೆಗೆ ಪಿಸುಮಾತಾಡುತ್ತಿದ್ದವರೂ ಆಗ ಸುಮ್ಮನಾದರು.

ಈ ಮೂರು ಮನೆಗಳ ವಿಚಾರವು ನನಗೆ ಅಷ್ಟೊಂದು ತಟ್ಟಿದುದಕ್ಕೆ ಬೇರೊಂದು ಕಾರಣವೂ ಇದೆ. ನಮ್ಮ ಮನೆಯಿರುವುದೂ ಊರ ಹಳ್ಳದ ಆಚೆಗೇ. 2020ರ ಮಾರ್ಚಿಯಲ್ಲಿ ಕೊರೋನಾ ರೋಗಕ್ಕೆ ಹೆದರಿ ಅನೇಕ ಹಳ್ಳಿಗಳವರು ತಮ್ಮ ಊರ ದಾರಿಗಳಿಗೆ ಮುಳ್ಳು ಹಾಕಿಕೊಂಡುದು ಎಲ್ಲರಿಗೂ ನೆನಪಿರಬಹುದು. ನಮ್ಮ ಊರಿನವರೂ ಜಾಲಿಯ ಕೊಂಬೆಗಳನ್ನು ಕಡಿದು ತಂದು ಬೇಲಿ ಕಟ್ಟಿದರು. ಬೇಲಿಯು ಹಳ್ಳದ ಈಚೆಗೆ ಬಂದುದರಿಂದ ನಮ್ಮದೂ ಸೇರಿ ನಾಲ್ಕು ಮನೆಗಳು ಹೊರಗುಳಿದುವು. ನೀರಿನ ನಲ್ಲಿಯೂ ನ್ಯಾಯಬೆಲೆಯ ಅಂಗಡಿಯೂ ಒಳಗೆ. ಬೇಲಿ ಕಟ್ಟಿದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಿಗೂ ಮಕ್ಕಳು ಮರಿಗಳಿದ್ದರು, ಅವರೂ ಹೆದರಿದ್ದರು. ಪೇಟೆಯಿಂದ ಬರುವ ದಾರಿಯನ್ನು ಕಟ್ಟಲು ಅದೇ ತಕ್ಕ ಜಾಗವೆಂದು ತಿಳಿದರೇ ಹೊರತು, ಆಚೆಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಳ್ಳಲಿಲ್ಲ, ಅಷ್ಟೆ. ಅವ್ವ ಕೊಡಗಳನ್ನು ಹಿಡಿದು ಬೇಲಿಯ ಮುಂದೆ ನಿಂತಾಗ, ಕಾವಲಿಗಿದ್ದ ಹುಡುಗನೊಬ್ಬನು ಎರಡು ದಿನ ನೋಡಿ, ಮೂರನೆಯ ದಿನ ಬೆಳಗ್ಗೆ ಒಂದು ಮುಳ್ಳುಕೊಂಬೆಯನ್ನು ಕೋಲಿನಿಂದ ಎತ್ತಿ ಹಿಡಿದು, “ಬೇಗ ಬಾ ದೊಡ್ಡವ್ವ” ಎಂದನು. ಅಂದಿನಿಂದ ದಿನವೂ ಬೆಳಗ್ಗೆ ಅಷ್ಟು ಹೊತ್ತು ಆ ಕೊಂಬೆ ಮೇಲೇಳುತ್ತಿತ್ತು. ಕೋಟೆಯ ಕಿಂಡಿಯೆಂದರೆ ಶತ್ರುವು ಬರುವ ದಾರಿ ಮಾತ್ರವಲ್ಲ, ಹೊರಗುಳಿದ ನಮ್ಮವರು ಒಳಗೆ ಬರುವ ದಾರಿಯೂ ಹೌದು ಎಂಬುದನ್ನು ಯಾವ ಚಿತ್ರಕ್ಕಿಂತಲೂ ಮೊದಲು ನನಗೆ ತಿಳಿಸಿದುದು ಆ ಮುಳ್ಳುಕೊಂಬೆ.

ಮತ್ತೆ ಚಿತ್ರಗಳಿಗೆ ಬರೋಣ. ಮುತ್ತಿಗೆಯ ದೃಶ್ಯಗಳ ಮಾತು ಬಂದರೆ ಈಗಿನವರು ಕೂಡಲೇ ಹೆಸರಿಸುವುದು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಮಾಲೆಯ ಎರಡನೆಯ ಭಾಗವನ್ನು. ಟೋಲ್ಕಿನ್ ಎಂಬ ಇಂಗ್ಲಿಷ್ ಲೇಖಕನ ಕಲ್ಪಿತ ಕಥೆಯನ್ನು ಆಧರಿಸಿ ಪೀಟರ್ ಜಾಕ್ಸನ್ 2002ರಲ್ಲಿ ಇದನ್ನು ತೆರೆಗೆ ತಂದನು. ಹೆಲ್ಮ್ಸ್ ಡೀಪ್ ಎಂಬ ಬೆಟ್ಟದ ಕೋಟೆ. ಹೊರಗೆ ಹತ್ತು ಸಾವಿರ ರಾಕ್ಷಸ ಸೈನಿಕರು. ಒಳಗೆ ಕೆಲವೇ ನೂರು ಮಂದಿ. ಅವರಲ್ಲಿಯೂ ಬಹುಪಾಲು ಮುದುಕರು ಮತ್ತು ಮೀಸೆ ಮೂಡದ ಹುಡುಗರು. ರಾತ್ರಿ, ಮಳೆ. ಎಲ್ಲರೂ ಬಿಲ್ಲೆಳೆದು ನಿಂತಿರುವಾಗ ಒಬ್ಬ ಮುದುಕನ ಕೈ ಸೋತು ಬಾಣ ಜಾರಿಹೋಗುತ್ತದೆ; ಯುದ್ಧವು ಹಾಗೆ ಪ್ರಾರಂಭವಾಗುತ್ತದೆ. ದೊಡ್ಡ ಯುದ್ಧವೊಂದು ಒಂದು ನಡುಗುವ ಕೈಯಿಂದ ಮೊದಲಾಗುವುದು ಎಷ್ಟು ಸಹಜ! ಇಲ್ಲಿಯೂ ಗೋಡೆಗೊಂದು ಕಿಂಡಿಯಿದೆ: ನೀರು ಹೊರಗೆ ಹರಿದುಹೋಗುವ ತೂಬು. ಅದರಲ್ಲಿ ಸಿಡಿಮದ್ದನ್ನು ಇಟ್ಟು ಶತ್ರುಗಳು ಗೋಡೆಯನ್ನೇ ಹಾರಿಸುತ್ತಾರೆ. ಹೆಂಗಸರು ಮಕ್ಕಳು ಬೆಟ್ಟದ ಗವಿಗಳಲ್ಲಿ ಕುಳಿತು ಮೇಲಿನ ಸದ್ದನ್ನು ಆಲಿಸುವುದನ್ನು ನಡುನಡುವೆ ತೋರಿಸುವುದರಿಂದ, ಯುದ್ಧವು ಯಾರಿಗಾಗಿ ನಡೆಯುತ್ತಿದೆಯೆಂಬುದು ಮರೆಯುವುದಿಲ್ಲ. ಹೊರಗಿನವರು ಮಾತ್ರ ಬರಿಯ ರಾಕ್ಷಸರಾದುದರಿಂದ ಅವರ ಸಾವಿಗೆ ನಮ್ಮ ಮನಸ್ಸು ಮಿಡಿಯುವುದಿಲ್ಲ. ಇದು ಅದರ ಸೌಲಭ್ಯವೂ ಹೌದು, ಕೊರತೆಯೂ ಹೌದು.

ನಮ್ಮ ದೇಶದ ‘ಬಾಹುಬಲಿ’ಯ ಎರಡನೆಯ ಭಾಗದಲ್ಲಿ (2017) ತಾಳೆಮರಗಳನ್ನು ಬಗ್ಗಿಸಿ, ಅವುಗಳ ಸೆಟೆತದಿಂದ ಸೈನಿಕರು ಗೋಡೆಯ ಮೇಲಿಂದ ಹಾರಿ ಕೋಟೆಯೊಳಗೆ ಬೀಳುವ ದೃಶ್ಯವನ್ನು ನೋಡಿ ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ನಮ್ಮ ವಿಜ್ಞಾನ ವಿಭಾಗದ ಮಿತ್ರರು ಅದನ್ನು ಒಪ್ಪದಿದ್ದರೂ ಚಿಂತೆಯಿಲ್ಲ, ನೋಡಲು ಸೊಗಸಾಗಿದೆ. ಆದರೆ ನಾಯಕನಿಗೆ ಏನೂ ಆಗಲಾರದೆಂಬುದು ಮೊದಲೇ ಗೊತ್ತಿರುವಲ್ಲಿ ಭಯವಿಲ್ಲ; ಭಯವಿಲ್ಲದಿರುವಲ್ಲಿ ಮುತ್ತಿಗೆಯಿಲ್ಲ, ಉತ್ಸವವಿದೆ.

ಗೋಡೆಯ ಒಳಗಿರುವವನೇ ಅಪರಾಧಿಯಾಗಿದ್ದರೆ ಹೇಗೆ? ಈ ಪ್ರಶ್ನೆಯನ್ನು ಅದೇ ಕುರೋಸಾವನು ತನ್ನ ಮುಪ್ಪಿನಲ್ಲಿ, 1985ರಲ್ಲಿ ತೆಗೆದ ‘ರಾನ್’ ಎಂಬ ಬಣ್ಣದ ಚಿತ್ರದಲ್ಲಿ ಕೇಳಿದನು. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಛಾಯೆ ಅದರಲ್ಲಿದೆ. ಹಲವರ ಕೋಟೆಗಳನ್ನು ಸುಟ್ಟು ರಾಜ್ಯ ಕಟ್ಟಿದ ಹಿದೆತೋರಾ ಎಂಬ ವೃದ್ಧನು ರಾಜ್ಯವನ್ನು ಮಕ್ಕಳಿಗೆ ಹಂಚಿಕೊಡುತ್ತಾನೆ. ಕೊನೆಗೆ ಇಬ್ಬರು ಮಕ್ಕಳೇ ಸೇರಿ ಅವನಿರುವ ಕೋಟೆಯನ್ನು ಮುತ್ತುತ್ತಾರೆ. ಈ ದೃಶ್ಯದಲ್ಲಿ ಕುರೋಸಾವನು ಕತ್ತಿ ಬಂದೂಕುಗಳ ಸದ್ದನ್ನೆಲ್ಲ ತೆಗೆದುಹಾಕಿ ಬರಿಯ ಶೋಕಸಂಗೀತವನ್ನು ಇಟ್ಟಿದ್ದಾನೆ. ಜನರು ಸಾಯುತ್ತಾರೆ, ಬಾಯಿ ತೆರೆಯುತ್ತಾರೆ, ಕೂಗು ಕೇಳಿಸುವುದಿಲ್ಲ. ಒಮ್ಮೆಲೇ ಒಂದು ಗುಂಡಿನ ಸದ್ದು. ಹಿರಿಯ ಮಗನು ಕಿರಿಯನ ಕಡೆಯವನ ಗುಂಡಿಗೆ ಬೀಳುತ್ತಾನೆ. ಅಲ್ಲಿಂದ ಯುದ್ಧದ ಗದ್ದಲವೆಲ್ಲ ಕಿವಿಗೆ ಬಂದು ಬಡಿಯುತ್ತದೆ. ಇದಕ್ಕಾಗಿ ಫುಜಿ ಪರ್ವತದ ತಪ್ಪಲಿನಲ್ಲಿ ಕೋಟೆಯೊಂದನ್ನು ನಿಜವಾಗಿಯೂ ಕಟ್ಟಿಸಿ ಸುಡಲಾಯಿತು. ಉರಿಯುವ ಕೋಟೆಯಿಂದ ಆ ಮುದುಕನು ಮತಿಗೆಟ್ಟು, ಬರಿಗೈಯಲ್ಲಿ ಮೆಟ್ಟಿಲಿಳಿದು ಬರುವಾಗ ಶತ್ರುಸೈನಿಕರು ಎರಡು ಪಾಲಾಗಿ ಅವನಿಗೆ ದಾರಿ ಬಿಡುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಗಾದೆಗೆ ಇದಕ್ಕಿಂತ ಭಯಂಕರವಾದ ಚಿತ್ರವನ್ನು ನಾನು ಕಂಡಿಲ್ಲ.

ಮುತ್ತಿಗೆಯು ಯಾವಾಗಲೂ ರಕ್ತದಿಂದಲೇ ಮುಗಿಯಬೇಕೆಂದಿಲ್ಲ, ಮಾತಿನಿಂದಲೂ ಮುಗಿಯಬಹುದು. ರಿಡ್ಲೆ ಸ್ಕಾಟ್ 2005ರಲ್ಲಿ ತೆಗೆದ ‘ಕಿಂಗ್‌ಡಮ್ ಆಫ್ ಹೆವನ್’ ಚಿತ್ರದ ಕೊನೆಯ ಭಾಗವು 1187ರ ಜೆರೂಸಲೇಮಿನ ಮುತ್ತಿಗೆ. ಹೊರಗೆ ಸುಲ್ತಾನ ಸಲಾದಿನ್, ಒಳಗೆ ಬೇಲಿಯನ್ ಎಂಬ ಕ್ರೈಸ್ತ ನಾಯಕ. ಎತ್ತರದ ಮರದ ಗೋಪುರಗಳನ್ನು ಉರುಳಿಸಿಕೊಂಡು ಬಂದು ಗೋಡೆಗೆ ತಾಗಿಸುವುದು, ಅವುಗಳಿಗೆ ಹಗ್ಗ ಬೀಳಿಸಿ ಕೆಡವುವುದು ಮುಂತಾದ ಹಳೆಯ ಕಾಲದ ಮುತ್ತಿಗೆಯ ಯಂತ್ರಗಳ ಕೆಲಸವನ್ನು ಈ ಚಿತ್ರದಷ್ಟು ವಿವರವಾಗಿ ತೋರಿಸಿದವು ಕಡಮೆ. ಇತಿಹಾಸದ ವಿದ್ಯಾರ್ಥಿಗಳು ಇದಕ್ಕಾಗಿಯಾದರೂ ನೋಡಬೇಕು. ಗೋಡೆಯು ಬಿರಿದಮೇಲೆ ಇಬ್ಬರು ನಾಯಕರೂ ಮಾತನಾಡುತ್ತಾರೆ. ಒಳಗಿನ ಎಲ್ಲರಿಗೂ ಪ್ರಾಣಭಯವಿಲ್ಲದೆ ಹೊರಡಲು ಸಲಾದಿನನು ಅಪ್ಪಣೆ ಕೊಡುತ್ತಾನೆ. ಜನರ ಸಾಲು ಊರನ್ನು ಬಿಟ್ಟು ಹೊರಡುತ್ತದೆ.

ಇತಿಹಾಸವಾದರೋ ಇಷ್ಟು ಸರಳವಾಗಿಲ್ಲ. ಆ ಮುತ್ತಿಗೆಯು ಸೆಪ್ಟೆಂಬರ್ 20ರಿಂದ ಅಕ್ಟೋಬರ್ 2ರವರೆಗೆ ನಡೆಯಿತು. ಕತ್ತಿಗೆ ತುತ್ತಾಗದೆ ಜನರು ಉಳಿದುದು ನಿಜ. ಆದರೆ ಬಿಡುಗಡೆಗೆ ಬೆಲೆಯಿತ್ತು. ಗಂಡಸಿಗೆ ಹತ್ತು ದಿನಾರು, ಹೆಂಗಸಿಗೆ ಐದು, ಮಗುವಿಗೆ ಒಂದು. ಉಳ್ಳವರು ಕೊಟ್ಟು ಹೊರಟರು. ಇಲ್ಲದವರಿಗಾಗಿ ಒಟ್ಟು ಮೊತ್ತವೊಂದನ್ನು ಕಟ್ಟಿ ಕೆಲವು ಸಾವಿರ ಮಂದಿಯನ್ನು ಬಿಡಿಸಲಾಯಿತು. ಸಲಾದಿನನ ತಮ್ಮನು ಸಾವಿರ ಮಂದಿಯನ್ನು ತನ್ನ ಪಾಲಿಗೆ ಕೇಳಿ ಪಡೆದು ಬಿಟ್ಟುಕಳುಹಿಸಿದನು. ಆದರೂ ಹಣವಿಲ್ಲದ ಸಾವಿರಾರು ಜನರು ಗುಲಾಮರಾಗಿ ಹೋದರು. ಚಿತ್ರವು ಈ ಹಣದ ಮಾತನ್ನು ಬಿಟ್ಟುಬಿಟ್ಟಿದೆ. ಎರಡು ಕಡೆಯ ನಾಯಕರನ್ನೂ ಉದಾರಿಗಳನ್ನಾಗಿ ತೋರಿಸುವ ಆಸೆಯು ಒಳ್ಳೆಯದೇ. ಆದರೆ ಬಿಟ್ಟುಹೋದುದು ಯಾರ ಕಥೆ? ಹತ್ತು ದಿನಾರು ಹೊಂದಿಸಲಾರದವರದು. ಕೋಟೆಯ ಒಳಗಿದ್ದೂ ಅವರು ಕೊನೆಗೆ ಹೊರಗಿನವರೇ ಆದರು. ಮೂರನೆಯ ಪ್ರಶ್ನೆಯನ್ನು ಕೇಳಿಕೊಳ್ಳದ ಚಿತ್ರವು ಎಷ್ಟೇ ಭವ್ಯವಾಗಿದ್ದರೂ ಏಕೆ ಅಪೂರ್ಣವೆಂಬುದಕ್ಕೆ ಇದು ಉದಾಹರಣೆ.

‘ಸೆವೆನ್ ಸಮುರಾಯ್’ ಚಿತ್ರದ ಕೊನೆಯನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೆ. ದರೋಡೆಕಾರರೆಲ್ಲರೂ ಸತ್ತಿದ್ದಾರೆ. ಏಳು ಸಮುರಾಯ್‌ಗಳಲ್ಲಿ ನಾಲ್ವರು ಮಡಿದಿದ್ದಾರೆ. ನಾಲ್ವರೂ ಸತ್ತುದು ಬಂದೂಕಿನಿಂದ, ಒಬ್ಬರೂ ಕತ್ತಿಯಿಂದಲ್ಲ. ಗುಡ್ಡದ ಮೇಲೆ ಅವರ ಸಮಾಧಿಗಳು. ಕೆಳಗೆ ಹೊಲದಲ್ಲಿ ರೈತರು ಹಾಡುತ್ತ ಸಸಿ ನೆಡುತ್ತಿದ್ದಾರೆ. ಉಳಿದವರ ಕಡೆಗೆ ಅವರು ತಲೆಯೆತ್ತಿಯೂ ನೋಡುವುದಿಲ್ಲ. ಗೆದ್ದವರು ಆ ರೈತರು, ನಾವಲ್ಲ ಎಂದು ಕಾಂಬೇಯಿಯು ಹೇಳುತ್ತಾನೆ. ಇದನ್ನು ಕೃತಘ್ನತೆಯೆಂದು ನನ್ನ ಸಹಪಾಠಿಗಳಲ್ಲಿ ಕೆಲವರು ಟೀಕಿಸಿದರು. ನನಗೆ ಹಾಗೆನಿಸಲಿಲ್ಲ. ನಾಟಿಯ ಕಾಲವು ಯಾರಿಗಾಗಿಯೂ ನಿಲ್ಲುವುದಿಲ್ಲ; ಹದ ತಪ್ಪಿದರೆ ಮುಂದಿನ ವರ್ಷ ದರೋಡೆಕಾರರು ಬಾರದೆಯೇ ಊರು ಹಸಿಯುತ್ತದೆ. ಹೊಲದ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆಯಿದೆ. ಮುತ್ತಿಗೆಯ ಚಿತ್ರಗಳನ್ನು ನೋಡಿದ ಮೇಲೆ, ಬಾಗಿಲನ್ನು ಸಕಾಲದಲ್ಲಿ ಹಾಕುವುದು ಎಷ್ಟು ಅಗತ್ಯವೋ, ಹಾಕುವ ಮುನ್ನ ಹೊರಗೆ ಯಾರಿದ್ದಾರೆಂದು ಒಮ್ಮೆ ತಲೆಯೆಣಿಸುವುದೂ ಅಷ್ಟೇ ಅಗತ್ಯವೆಂದು ನನಗೆ ತೋರುತ್ತದೆ. ಚಿತ್ರದುರ್ಗದ ಮುತ್ತಿಗೆಗಳ ಇತಿಹಾಸದಲ್ಲಿ ಪಾಳೆಯಗಾರರ ಹೆಸರುಗಳಿವೆ, ನವಾಬನ ಹೆಸರಿದೆ. ಆದರೆ ಜನರ ಬಾಯಲ್ಲಿ ಉಳಿದುದು ಒಬ್ಬ ಕಾವಲುಗಾರನ ಹೆಂಡತಿಯ ಹೆಸರು. 2021ರಿಂದ ನಮ್ಮ ಸರ್ಕಾರವು ನವೆಂಬರ್ 11ರಂದು ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ. ಅರಮನೆಯಲ್ಲಿ ಅವಳಿಗೆ ಪೀಠವಿರಲಿಲ್ಲ, ಸೈನ್ಯದಲ್ಲಿ ಹುದ್ದೆಯಿರಲಿಲ್ಲ. ಕೋಟೆಯವರು ಅವಳನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಕೋಟೆಯು ಆ ದಿನ ಉಳಿದುದು ಅವಳಿಂದ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ವಿದ್ಯೆಯನ್ನೂ ಒಂದು ಕೋಟೆಯೆಂದು ಹೇಳುವವರಿದ್ದಾರೆ. ಅದು ನಿಜವಾದರೆ, ನನ್ನಂಥವರನ್ನು ಒಳಗೆ ಬಿಟ್ಟುಕೊಳ್ಳಲು ಯಾರೋ ಎಲ್ಲಿಯೋ ಒಂದು ಕೊಂಬೆಯನ್ನು ಎತ್ತಿ ಹಿಡಿದಿರಲೇಬೇಕು: ಸಂಜೆ ಪಾಠ ಹೇಳಿಕೊಟ್ಟ ಊರಶಾಲೆಯ ಮೇಷ್ಟ್ರು, ಕೂಲಿಯ ಹಣದಲ್ಲಿ ಬಸ್ಸಿನ ಪಾಸು ಮಾಡಿಸಿಕೊಟ್ಟ ಅಪ್ಪ, ಹೀಗೆ. ಈ ವರ್ಷ ಪದವಿ ಮುಗಿಸಿ ಹೊರಡಲಿರುವ ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ. ನಾಳೆ ನಮ್ಮಲ್ಲಿ ಕೆಲವರು ಗುಮಾಸ್ತರಾಗಬಹುದು, ಕೆಲವರು ಅಧ್ಯಾಪಕರಾಗಬಹುದು, ಯಾರಾದರೂ ಅಧಿಕಾರಿಯೂ ಆಗಬಹುದು. ಯಾವುದಾದರೊಂದು ಬೇಲಿಯ ಕಾವಲು ನಮ್ಮ ಪಾಲಿಗೆ ಬಂದೇ ಬರುತ್ತದೆ. ಆಗ ನಕ್ಷೆಯನ್ನು ನೋಡುವಾಗ ಹಳ್ಳದ ಆಚೆಗಿನ ಮನೆಗಳನ್ನೂ ಎಣಿಸೋಣ.